ಎಂಎಫ್‌ಡಿ ಅಂದರೆ ಮಿಲಿ ಅಲ್ಲ

ಗದಗಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ರೋಣ, ಮುಂಡರಗಿ ಕಡೆಯ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಬಂದು ಕೂರುತ್ತವೆ.

ಪಿಯುಸಿ ಓದುವ ಅಣ್ಣನ ಮಗಳು ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದಳು. ಪಾಠ ವಿದ್ಯುತ್ ಚಾರ್ಜ್ ಅಳೆಯುವ ಕೂಲಂಬ್, ಮೈಕ್ರೋಕೂಲಂಬ್‌ದು. ಮೇಜಿನ ಮೇಲೆ ನಾನು ಮೋಟಾರಿನಿಂದ ಬಿಚ್ಚಿಟ್ಟ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಡಬ್ಬಿ ಇತ್ತು, ಅದರ ಮೇಲೆ ‘36 ಎಂಎಫ್‌ಡಿ, 440 ವೋಲ್ಟ್’ ಅಂತ ಅಚ್ಚು.

"ಕಾಕಾ, ಇದರಾಗ ಎಷ್ಟು ಚಾರ್ಜ್ ಹಿಡೀತೈತಿ?"

ಡಬ್ಬಿಯ ಮೇಲಿನ 36 ಅದರ ಕೆಪಾಸಿಟೆನ್ಸ್; ಅದನ್ನು ವೋಲ್ಟೇಜಿನಿಂದ ಗುಣಿಸಿದರೆ ಚಾರ್ಜ್. 230 ವೋಲ್ಟ್ ಎಸಿ ಲೈನು ಸೆಕೆಂಡಿಗೆ ಹಲವು ಸಲ ಏರಿಳಿಯುತ್ತದೆ, ತುದಿಗೇರಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಮೋಟಾರ್ ಓಡುವಾಗ ಕೆಪಾಸಿಟರ್ ಮೇಲೆ ಇನ್ನೂ ಜಾಸ್ತಿ ಬೀಳಬಹುದು. ಆದರೂ ಲೆಕ್ಕಕ್ಕೆ ಅಷ್ಟನ್ನೇ ಹಿಡಿದೆವು. 36 ಗುಣಿಸು 325, ಅಂದರೆ 11,700. ‘ಎಂ’ ಇದೆಯಲ್ಲ ಅಂತ ಅವಳು ಮಿಲಿಕೂಲಂಬ್ ಅಂತ ಬರೆದಳು. ಕೂಲಂಬಿಗೆ ತಂದಾಗ 11.7 ಬಂತು.

ತಪ್ಪಿದ್ದು ಅಲ್ಲೇ. ಕೆಪಾಸಿಟರ್ ಡಬ್ಬಿಯ ಎಂಎಫ್‌ಡಿ ಅಂದರೆ ಮೈಕ್ರೋಫ್ಯಾರಡ್; ಫ್ಯಾರಡ್ ಕೆಪಾಸಿಟೆನ್ಸಿನ ಅಳತೆ. ಮೈಕ್ರೋ ಅನ್ನುವುದಕ್ಕೆ ಬರೆಯುವ ಮ್ಯೂ (µ) ಅಕ್ಷರದ ಬದಲು ಎಂ ಬರೆಯುವ ಹಳೇ ರೂಢಿ ಇನ್ನೂ ಉಳಿದಿದೆ. ಕೆಪಾಸಿಟರ್ ಖಾಲಿ ಮಾಡಿ ಮೀಟರ್ ಹಚ್ಚಿ ತೋರಿಸಿದೆ, 35.4 ಮೈಕ್ರೋಫ್ಯಾರಡ್. ಹಾಗಾಗಿ ಉತ್ತರ 11,700 ಮೈಕ್ರೋಕೂಲಂಬ್. ಅಂದರೆ 11.7 ಮಿಲಿಕೂಲಂಬ್, ಅಂದರೆ 0.0117 ಕೂಲಂಬ್. ಒಂದೇ ಅಕ್ಷರಕ್ಕೆ ಸಾವಿರ ಪಟ್ಟು ಹೆಚ್ಚುಕಡಿಮೆ!

ನಾನು ಸೊನ್ನೆ ಎಣಿಸುವುದಿಲ್ಲ. ಕೂಲಂಬ್, ಮಿಲಿ, ಮೈಕ್ರೋ, ನ್ಯಾನೋ, ಪಿಕೋ ಅಂತ ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ. ಒಂದು ಮೆಟ್ಟಿಲು ಇಳಿದರೆ ಸಾವಿರದಿಂದ ಗುಣಿಸು, ಏರಿದರೆ ಭಾಗಿಸು. ಆಮೇಲೆ ಒಂದು ಸಲ ಮನಸ್ಸಿನಲ್ಲೇ ತೂಗಿ ನೋಡುತ್ತೇನೆ. ಒಂದು ಕ್ವಿಂಟಲ್ ಮೆಣಸಿನಕಾಯಿಯನ್ನು ಕಿಲೋದಲ್ಲಿ ಹೇಳಿದರೆ 100, ಗ್ರಾಮಿನಲ್ಲಿ ಹೇಳಿದರೆ 1,00,000. ಅಳತೆ ಸಣ್ಣದಾದಷ್ಟೂ ಅಂಕಿ ದೊಡ್ಡದಾಗಬೇಕು. ಕೂಲಂಬಿನಿಂದ ಮೈಕ್ರೋಗೆ ಬಂದಾಗ ಅಂಕಿ ಚಿಕ್ಕದಾಯಿತೆಂದರೆ ತಿರುವುಮುರುವು ಮಾಡಿದ್ದೀರಿ ಅಂತಲೇ ಅರ್ಥ.

ಬ್ಯಾಟರಿಯದು ಬೇರೆ ದಾರಿ. ಅಲ್ಲಿ ಆಂಪಿಯರ್-ಅವರ್. ಒಂದು ತಾಸಿಗೆ 3,600 ಸೆಕೆಂಡ್, ಹಾಗಾಗಿ ಒಂದು ಆಂಪಿಯರ್-ಅವರ್ ಅಂದರೆ 3,600 ಕೂಲಂಬ್. ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿ 5,40,000 ಕೂಲಂಬ್. 5,000 ಮಿಲಿಆಂಪಿಯರ್-ಅವರ್ ಮೊಬೈಲ್ ಬ್ಯಾಟರಿ 18,000.

"ಹಂಗಾದ್ರ ಬ್ಯಾಟರಿ ಮುಟ್ಟಿದ್ರ ಯಾಕ ಶಾಕ್ ಹೊಡಿಯಂಗಿಲ್ಲ?" ಅಂದಳು. ಒಳ್ಳೇ ಪ್ರಶ್ನೆ. ಬ್ಯಾಟರಿಯದು ಬರೀ 12 ವೋಲ್ಟ್. ಒಣಗಿದ ಕೈಯ ಚರ್ಮ ದಾಟಿ ಕರೆಂಟ್ ನುಗ್ಗಲು ಅಷ್ಟು ಸಾಲದು. ಕೆಪಾಸಿಟರಿನ 0.0117 ಕೂಲಂಬಿನ ಹಿಂದೆ 325 ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಉಳಿದಿರಬಹುದು. ಅದಕ್ಕೇ ಮುಟ್ಟುವ ಮೊದಲು 100 ವ್ಯಾಟಿನ ಬಲ್ಬಿನ ಹೋಲ್ಡರ್ ತಂತಿಗಳನ್ನು ಎರಡೂ ಟರ್ಮಿನಲ್‌ಗೆ ತಾಗಿಸುತ್ತೇನೆ, ಆಮೇಲೆ ಮೀಟರ್‌ನಲ್ಲಿ ಸೊನ್ನೆ ವೋಲ್ಟ್ ಬಂತಾ ನೋಡುತ್ತೇನೆ. ಅವಳ ಕೈಯಲ್ಲೂ ಹಾಗೇ ಮಾಡಿಸಿದೆ.