ಚೆಂಡು ಬಾರದ ಓಟಗಳು: ಒಕಜಾಕಿಯ ಆಟ ನೋಡಿ ನಾನು ನಿಜವಾದ ಫಾರ್ವರ್ಡ್ ಆದದ್ದು

2006ರ ಅಕ್ಟೋಬರ್ 11. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಭಾರತ ಮತ್ತು ಜಪಾನ್ ನಡುವೆ ಏಷ್ಯನ್ ಕಪ್ ಫುಟ್‌ಬಾಲ್ ಅರ್ಹತಾ ಪಂದ್ಯ. ನನಗಾಗ ಇಪ್ಪತ್ತು ವರ್ಷ. ಬೆಂಗಳೂರು ಲೀಗ್‌ನ ಕೆಳಗಿನ ಡಿವಿಷನ್‌ನಲ್ಲಿ ಒಂದು ಸಣ್ಣ ತಂಡದಲ್ಲಿ ಗೋಲು ಹೊಡೆಯಲು ಮುಂದೆ ನಿಲ್ಲುವ ಫಾರ್ವರ್ಡ್ ನಾನು. ಎತ್ತರ ಇಲ್ಲ, ವೇಗವೂ ಅಷ್ಟಕ್ಕಷ್ಟೇ. ಕೊನೆಯ ಹತ್ತು ನಿಮಿಷ ಇಳಿಸಿದರೆ ಅದೇ ಜಾಸ್ತಿ.

ಅವತ್ತು ಜಪಾನ್ 3–0 ಗೆದ್ದಿತು. ಆಟದ ನಡುವೆ ಒಮ್ಮೆ ದೀಪ ಹೋಗಿದ್ದು ಅಲ್ಲಿದ್ದ ಎಲ್ಲರಿಗೂ ನೆನಪಿರುತ್ತದೆ. ನನಗೆ ನೆನಪಿರುವುದು ಜಪಾನ್‌ನ ಫಾರ್ವರ್ಡ್ ರ್‍ಯುಜಿ ಬಾಂಡೊ. ಮೊದಲ ಎರಡು ಗೋಲು ಅವನದು, ಮೂರನೆಯದು ಕೆಂಗೊ ನಕಮುರಾನದು. ಬಾಂಡೊ ಕೂಡ ಎತ್ತರದ ಆಳಲ್ಲ. ಹೈಸ್ಕೂಲ್ ಮುಗಿಸಿ ಗಂಬಾ ಒಸಾಕಾ ತಂಡಕ್ಕೆ ತಿಂಗಳಿಗೆ ಒಂದು ಲಕ್ಷ ಯೆನ್‌ಗೆ ಟ್ರೈನಿಯಾಗಿ ಸೇರಿದವನು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅವತ್ತು ಚೆಂಡು ಆ ಕಡೆಯ ವಿಂಗ್‌ನಲ್ಲಿದ್ದಾಗಲೂ ನನ್ನ ಕಣ್ಣು ಅವನ ಮೇಲೇ ಇತ್ತು. ಒಂದು ಕಡೆ ಎರಡು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ, ಇನ್ನೊಂದು ಕಡೆಗೆ ಓಡುತ್ತಿದ್ದ. ಹೆಚ್ಚಿನ ಸಲ ಚೆಂಡು ಬರುತ್ತಿರಲಿಲ್ಲ. ನಡೆದು ವಾಪಸ್ ಬಂದು ಮತ್ತೆ ಓಡುತ್ತಿದ್ದ. ನಾನು ಅಲ್ಲಿವರೆಗೆ ಚೆಂಡು ಬಂದಮೇಲೆ ಏನು ಮಾಡಬೇಕು ಅಂತ ಮಾತ್ರ ಯೋಚಿಸುತ್ತಿದ್ದೆ. ಬರುವ ಮೊದಲು ಮಾಡುವ ಕೆಲಸ ಇಷ್ಟಿದೆ ಅಂತ ಯಾರೂ ಹೇಳಿರಲಿಲ್ಲ.

ಆದರೆ ನನಗೆ ನಿಜವಾಗಿ ಪಾಠ ಮಾಡಿದವನು ಬಾಂಡೊನ ನಂತರ ಜಪಾನ್ ತಂಡಕ್ಕೆ ಬಂದ ಫಾರ್ವರ್ಡ್ ಶಿಂಜಿ ಒಕಜಾಕಿ.

2009ರ ಜೂನ್ 6, ತಾಷ್ಕೆಂಟ್. ಉಜ್ಬೇಕಿಸ್ತಾನದ ಮೇಲೆ ಜಪಾನ್ ಗೆದ್ದರೆ ವಿಶ್ವಕಪ್‌ಗೆ ಸೀದಾ ಟಿಕೆಟ್. ಒಂಬತ್ತನೇ ನಿಮಿಷ. ಕಂಠೀರವದಲ್ಲಿ ಗೋಲು ಹೊಡೆದಿದ್ದ ಅದೇ ನಕಮುರಾ ಮೈದಾನದ ನಡುವಿನಿಂದ ಒಂದು ಉದ್ದನೆಯ ಪಾಸ್ ಕೊಟ್ಟ. ಒಕಜಾಕಿ ಡಿಫೆಂಡರ್‌ಗಳ ಹಿಂದಕ್ಕೆ ನುಗ್ಗಿ ಹೊಡೆದ. ಕೀಪರ್ ತಡೆದ. ಚೆಂಡು ಮೇಲಕ್ಕೆ ಹಾರಿತು. ಅಷ್ಟರಲ್ಲಿ ಒಕಜಾಕಿ ಮುಂದಕ್ಕೆ ಬಿದ್ದು ತಲೆ ಕೊಟ್ಟಾಗಿತ್ತು. ಪಂದ್ಯ ಮುಗಿದಿದ್ದು 1–0ಗೆ. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮೊದಲ ಹೊಡೆತ ತಪ್ಪಿದಾಗ ನಾನಾಗಿದ್ದರೆ ತಲೆ ಮೇಲೆ ಕೈ ಇಟ್ಟು ನಿಂತುಬಿಡುತ್ತಿದ್ದೆ. ಅವನು ನಿಲ್ಲಲೇ ಇಲ್ಲ. ಹೊಡೆಯುವುದು, ಬೀಳುವುದು, ತಲೆ ಕೊಡುವುದು, ಮೂರೂ ಅವನಿಗೆ ಒಂದೇ ಓಟ.

ಆಮೇಲೆ ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹುಟ್ಟಿದ್ದು 1986ರಲ್ಲಿ, ಹ್ಯೋಗೊ ಪ್ರಾಂತ್ಯದ ತಕರಾಜುಕಾದಲ್ಲಿ. 2005ರಲ್ಲಿ ಜಪಾನ್‌ನದೇ ಶಿಮಿಜು ಎಸ್-ಪಲ್ಸ್ ತಂಡ ಸೇರಿದಾಗ ಅಲ್ಲಿದ್ದ ಎಂಟು ಫಾರ್ವರ್ಡ್‌ಗಳಲ್ಲಿ ಎಂಟನೆಯವನು. ಕಾಲು ನಿಧಾನ ಅಂತ ಅವನೇ ಹೇಳಿಕೊಳ್ಳುತ್ತಿದ್ದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ರಿಲೇ ಓಡಿದ್ದ ಸ್ಪ್ರಿಂಟರ್ ಒಬ್ಬರು ಶಿಮಿಜುವಿನಲ್ಲಿ ಫಿಟ್‌ನೆಸ್ ಕೋಚ್ ಆಗಿದ್ದರು. ಒಕಜಾಕಿ ಅವರ ಹತ್ತಿರ ಓಡುವುದನ್ನು ಮೊದಲಿಂದ ಕಲಿತ. ವೃತ್ತಿಪರ ಆಟಗಾರನಾದ ಮೇಲೆ ಓಡುವುದನ್ನು ಕಲಿಯುವುದು! ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ವೇಗ ಅನ್ನುವುದು ಹುಟ್ಟಿನಿಂದ ಬರಬೇಕು, ಇಲ್ಲದಿದ್ದರೆ ಇಲ್ಲ ಅಂತ ನಾನು ಕೈಚೆಲ್ಲಿ ಕೂತಿದ್ದೆ.

ಮಾರನೇ ವಾರದಿಂದ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಹೋಗತೊಡಗಿದೆ. ಅಥ್ಲೆಟಿಕ್ಸ್ ಮಾಡುತ್ತಿದ್ದ ಗೆಳೆಯನೊಬ್ಬ ನನ್ನ ಓಟ ನೋಡಿ, ಪಾದ ಮೈಗಿಂತ ತುಂಬಾ ಮುಂದೆ ಬೀಳುತ್ತಿದೆ, ಪ್ರತಿ ಹೆಜ್ಜೆಗೂ ನೀನೇ ಬ್ರೇಕ್ ಹಾಕ್ತಿದೀಯ ಅಂದ. ಮೂರು ತಿಂಗಳು ಬರೀ ಹತ್ತು ಮೀಟರ್. ನಿಂತಲ್ಲಿಂದ, ತಿರುಗಿ ನಿಂತು, ಕೂತಲ್ಲಿಂದ ಎದ್ದು. ಪೆನಾಲ್ಟಿ ಬಾಕ್ಸ್ ಒಳಗೆ ಫಾರ್ವರ್ಡ್‌ಗೆ ಬೇಕಾಗುವುದು ಅಷ್ಟೇ ದೂರ, ಅಲ್ವಾ? ನೂರು ಮೀಟರ್‌ನಲ್ಲಿ ನಾನು ಯಾರನ್ನೂ ಸೋಲಿಸುವ ಹಾಗಿರಲಿಲ್ಲ. ಮೊದಲ ಮೂರು ಹೆಜ್ಜೆಯಲ್ಲಿ ಮಾತ್ರ ಗೆಲ್ಲಬಹುದು ಅನ್ನುವ ಧೈರ್ಯ ಬಂತು.

ಕಷ್ಟದ್ದು ಮುಂದಿನ ಭಾಗ. ವಿಂಗ್‌ನಿಂದ ಕ್ರಾಸ್, ಅಂದರೆ ಗೋಲಿನ ಮುಂದಕ್ಕೆ ಹಾಕುವ ಪಾಸ್, ಬರುವಾಗ ಡಿಫೆಂಡರ್ ಚೆಂಡನ್ನೂ ನೋಡಬೇಕು, ನಮ್ಮನ್ನೂ ನೋಡಬೇಕು. ಎರಡನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಒಕಜಾಕಿಯ ಗೋಲುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಇದು ಕಾಣುತ್ತದೆ. ಮೊದಲು ಡಿಫೆಂಡರ್‌ನ ಬೆನ್ನ ಹಿಂದಕ್ಕೆ ಸರಿಯುತ್ತಾನೆ. ಡಿಫೆಂಡರ್ ಒಮ್ಮೆ ಕತ್ತು ತಿರುಗಿಸಿ ಹುಡುಕುತ್ತಾನೆ. ಮತ್ತೆ ಚೆಂಡಿನ ಕಡೆ ಮುಖ ಮಾಡುತ್ತಾನಲ್ಲ, ಆಗಲೇ ಒಕಜಾಕಿ ಅವನ ಮುಂದಿನಿಂದ ಹತ್ತಿರದ ಪೋಸ್ಟ್‌ಗೆ ನುಗ್ಗುತ್ತಾನೆ. ನಾನು ಕತ್ತು ನೋಡುವುದನ್ನು ಕಲಿತೆ. ಡಿಫೆಂಡರ್‌ನ ಕಾಲಲ್ಲ, ಚೆಂಡಲ್ಲ, ಅವನ ಕತ್ತು. ತಿರುಗಿತಾ? ವಾಪಸ್ ಹೋಯಿತಾ? ಓಡು.

ಇದರಲ್ಲಿ ಬೇಜಾರಿನ ವಿಷಯ ಅಂದರೆ ಹತ್ತು ಸಲ ಓಡಿದರೆ ಒಂಬತ್ತು ಸಲ ಚೆಂಡು ಬರುವುದಿಲ್ಲ. ವಿಂಗರ್ ತಡ ಮಾಡುತ್ತಾನೆ, ಇಲ್ಲವೇ ಕ್ರಾಸ್ ಹಿಂದೆ ಬೀಳುತ್ತದೆ. ನಮ್ಮ ಕೋಚ್ ಒಂದು ದಿನ ಕರೆದು ಕೇಳಿದರು. "ಏನಪ್ಪಾ, ಸುಮ್ನೆ ಓಡ್ತಾ ಇದೀಯ?"

"ಇಲ್ಲ ಸಾರ್. ನಾನು ಮುಂದೆ ಹೋದಾಗ ನಡುವಿನ ಡಿಫೆಂಡರ್ ನನ್ನ ಜೊತೆ ಬರ್ತಾನೆ. ಹಿಂದೆ ಜಾಗ ಬಿಡುತ್ತೆ, ನೋಡಿ."

ಅವರು ನೋಡಿದರು. ಎರಡು ವಾರ ಏನೂ ಹೇಳಲಿಲ್ಲ. ಮೂರನೇ ವಾರ ಶುರುವಿನ ಹನ್ನೊಂದರಲ್ಲಿ ನನ್ನ ಹೆಸರಿತ್ತು.

ಆ ಓಟದಿಂದ ಬಂದ ಮೊದಲ ಗೋಲು ಈಗಲೂ ಮೈಯಲ್ಲಿದೆ. ಬಲಗಡೆಯಿಂದ ಚೆಂಡು ಮೊಣಕಾಲಿನ ಎತ್ತರದಲ್ಲಿ ಬಂತು. ಕಾಲಿಗೆ ಸ್ವಲ್ಪ ಮೇಲೆ, ತಲೆಗೆ ತುಂಬಾ ಕೆಳಗೆ. ಕಾಲು ಎತ್ತಿದ್ದರೆ ತಡವಾಗುತ್ತಿತ್ತು. ಬಿದ್ದೆ. ಹಣೆಯ ಎಡಬದಿಗೆ ಚೆಂಡು ತಾಗಿದ್ದು ಗೊತ್ತಾಯಿತು. ಬಾಯಿ ತುಂಬಾ ಮಣ್ಣು. ತಲೆ ಎತ್ತುವ ಮೊದಲೇ ಹುಡುಗರು ಬೆನ್ನ ಮೇಲೆ ಬಿದ್ದಿದ್ದರು.

"ಜೀವನಪೂರ್ತಿ ಡೈವಿಂಗ್ ಹೆಡರ್" (ಮುಂದಕ್ಕೆ ಹಾರಿ ಬಿದ್ದು ತಲೆಯಿಂದ ಚೆಂಡು ಹೊಡೆಯುವುದು) ಅನ್ನುವುದು ಒಕಜಾಕಿ ಶಾಲಾ ದಿನಗಳಿಂದ ಇಟ್ಟುಕೊಂಡ ಮಾತು. ನಾನೂ ಅದನ್ನೇ ಹಿಡಿದೆ, ಸ್ವಲ್ಪ ಜಾಸ್ತಿಯೇ ಹಿಡಿದೆ. ಏಪ್ರಿಲ್ ತಿಂಗಳ ಕಲ್ಲಿನಂಥ ನೆಲದ ಮೇಲೆ ಪ್ರಾಕ್ಟೀಸ್ ಮಾಡುತ್ತಾ ಕೈ ಊರದೆ ಬಿದ್ದು ಕಾಲರ್ ಬೋನ್ ಮುರಿದುಕೊಂಡೆ. ಆರು ವಾರ ಆಟ ಇಲ್ಲ. ಬೀಳುವುದನ್ನೂ ಕಲಿಯಬೇಕು. ಮೊದಲು ಅಂಗೈ ನೆಲಕ್ಕೆ ತಾಗಬೇಕು, ಆಮೇಲೆ ಎದೆ, ಆಮೇಲೆ ಹೊಟ್ಟೆ, ದೋಣಿಯ ತಳ ನೀರಿಗೆ ಇಳಿದ ಹಾಗೆ.

ಅಷ್ಟು ಹೊತ್ತಿಗೆ ಒಕಜಾಕಿ ಜರ್ಮನಿಯಲ್ಲಿದ್ದ. 2011ರಲ್ಲಿ ಸ್ಟುಟ್‌ಗಾರ್ಟ್, 2013ರಲ್ಲಿ ಮೈಂಜ್. ಮೈಂಜ್‌ನ ಮೊದಲ ಸೀಸನ್‌ನಲ್ಲಿ ಲೀಗ್‌ನಲ್ಲೇ 15 ಗೋಲು ಹೊಡೆದ. ಆಮೇಲೆ 2015–16ರಲ್ಲಿ ಇಂಗ್ಲೆಂಡಿನ ಲೆಸ್ಟರ್. ಆ ತಂಡ ಪ್ರೀಮಿಯರ್ ಲೀಗ್ ಗೆದ್ದ ಕತೆ ಎಲ್ಲರಿಗೂ ಗೊತ್ತು. ಒಕಜಾಕಿ 36 ಲೀಗ್ ಪಂದ್ಯ ಆಡಿ ಹೊಡೆದಿದ್ದು 5 ಗೋಲು. ಫಾರ್ವರ್ಡ್‌ಗೆ ಇದು ಕಮ್ಮಿ ಅನ್ನುವವರ ಜೊತೆ ನಾನು ಇವತ್ತಿಗೂ ವಾದ ಮಾಡುತ್ತೇನೆ. ಎದುರಾಳಿಯ ಡಿಫೆಂಡರ್ ಕಾಲಿಗೆ ಚೆಂಡು ಬಂದ ತಕ್ಷಣ ಮೊದಲು ಮೇಲೆ ಬೀಳುತ್ತಿದ್ದವನು ಅವನು. ಜೊತೆಯ ಫಾರ್ವರ್ಡ್ ಜೇಮಿ ವಾರ್ಡಿ ಮುಂದೆ ಓಡಲು ಕಾದಿರುತ್ತಿದ್ದ, ಇವನು ಹಿಂದೆ ಬಂದು ಮಿಡ್‌ಫೀಲ್ಡರ್ ಕೆಲಸವನ್ನೂ ಮಾಡುತ್ತಿದ್ದ. ಅರವತ್ತು, ಎಪ್ಪತ್ತು ನಿಮಿಷಕ್ಕೆ ಮೈಯ ಶಕ್ತಿಯೆಲ್ಲ ಖಾಲಿ ಮಾಡಿ ಹೊರಗೆ ಹೋಗುತ್ತಿದ್ದ. ಮಾರ್ಚ್ 14ರಂದು ನ್ಯೂಕಾಸಲ್ ವಿರುದ್ಧ ವಾರ್ಡಿ ತಲೆಯಿಂದ ತಳ್ಳಿದ ಚೆಂಡನ್ನು ಗೋಲಿಗೆ ಬೆನ್ನು ಹಾಕಿ, ಗಾಳಿಯಲ್ಲಿ ತಿರುಗಿ ಒದ್ದನಲ್ಲ, ಆ ಪಂದ್ಯವೂ 1–0. ಪ್ರಶಸ್ತಿಯ ಹಾದಿಯಲ್ಲಿ ಆ ಮೂರು ಪಾಯಿಂಟ್ ಅವನು ತಂದುಕೊಟ್ಟಿದ್ದು.

ಜಪಾನ್ ಪರ 119 ಪಂದ್ಯ, 50 ಗೋಲು. ಅವನಿಗಿಂತ ಮುಂದೆ ಇರುವುದು ಕುನಿಶಿಗೆ ಕಮಾಮೊಟೊ ಮತ್ತು ಕಜುಯೋಶಿ ಮಿಯುರಾ ಮಾತ್ರ. ಎಂಟರಲ್ಲಿ ಎಂಟನೆಯವನಾಗಿ ಶುರು ಮಾಡಿದವನು!

ನನಗೆ ತುಂಬಾ ಹತ್ತಿರವಾದದ್ದು ಅವನ ಕೊನೆಯ ವರ್ಷಗಳು. 2019ರಲ್ಲಿ ಸ್ಪೇನ್‌ನ ಮಲಾಗಾಕ್ಕೆ ಹೋದ. ಸಂಬಳದ ಮಿತಿಯ ನಿಯಮದಿಂದ ಹೆಸರು ನೋಂದಾಯಿಸಲು ಆಗಲಿಲ್ಲ. ಒಂದೂ ಲೀಗ್ ಪಂದ್ಯ ಆಡದೆ ಹೊರಡಬೇಕಾಯಿತು. ಮೂವತ್ತಮೂರರ ಫಾರ್ವರ್ಡ್, ಸೆಪ್ಟೆಂಬರ್‌ನಲ್ಲಿ ತಂಡ ಇಲ್ಲ. ಹುಯೆಸ್ಕಾ ಕರೆಯಿತು. ಎರಡನೇ ಡಿವಿಷನ್‌ನಲ್ಲಿ 12 ಗೋಲು ಹೊಡೆದ, ತಂಡ ಚಾಂಪಿಯನ್ ಆಗಿ ಲಾ ಲಿಗಾಗೆ ಏರಿತು. ಅಷ್ಟು ಹೊತ್ತಿಗೆ ನಾನು ಲೀಗ್ ಆಡುವುದನ್ನು ನಿಲ್ಲಿಸಿದ್ದೆ, ಮಂಡಿ ಆಡಲು ಬಿಟ್ಟಿರಲಿಲ್ಲ. ಅವನನ್ನು ನೋಡಿ ಮತ್ತೆ ಆಡಬೇಕು ಅನ್ನಿಸಲಿಲ್ಲ, ಕಲಿಸಬೇಕು ಅನ್ನಿಸಿತು. ಅವನು 2024ರಲ್ಲಿ ಬೆಲ್ಜಿಯಂನ ಸಿಂಟ್-ಟ್ರೂಯಿಡನ್‌ನಲ್ಲಿ ಬೂಟು ಬಿಚ್ಚಿದ. ಆಮೇಲೆ ಜರ್ಮನಿಯ ಕೆಳಗಿನ ಲೀಗ್‌ನಲ್ಲಿರುವ ಬಸಾರಾ ಮೈಂಜ್ ತಂಡಕ್ಕೆ ಕೋಚ್ ಆದ.

ನನ್ನ ಹತ್ತಿರ ಈಗ ಹದಿನಾಲ್ಕು, ಹದಿನೈದರ ಹುಡುಗರು ಬರುತ್ತಾರೆ. ಬೇಸಿಗೆಯಲ್ಲಿ ಓಟ ಮಾತ್ರ. ಒಬ್ಬ ಡಿಫೆಂಡರ್ ಆಗಿ ನಿಲ್ಲುತ್ತಾನೆ, ಇನ್ನೊಬ್ಬ ಅವನ ಕತ್ತು ನೋಡಿಕೊಂಡು ಓಡುತ್ತಾನೆ. ಮೊದಲ ಇಪ್ಪತ್ತು ನಿಮಿಷ ಚೆಂಡನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ಗೊಣಗುತ್ತಾರೆ, ಆದರೂ ಓಡುತ್ತಾರೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಡೈವಿಂಗ್ ಹೆಡರ್ ಶುರು. ಮಂಡಿ ಊರಿ ಕೂರಿಸುತ್ತೇನೆ, ಮೂರು ಹೆಜ್ಜೆ ದೂರದಿಂದ ಕೈಯಲ್ಲೇ ಚೆಂಡು ಎಸೆಯುತ್ತೇನೆ. ಅಂಗೈ, ಎದೆ, ಹೊಟ್ಟೆ. ಹೋದ ವಾರ ಶುರು ಮಾಡಿದೆವು. ಎಲ್ಲರ ಜರ್ಸಿಯೂ ಕೆಂಪು ಮಣ್ಣು, ನಂಬರ್ ಕೂಡ ಕಾಣುತ್ತಿರಲಿಲ್ಲ.