ಉಪ್ಪುನೀರಿನ ಟ್ಯಾಂಕ್‌ಗೆ ಕರೆಯದೇ ಬಂದವರನ್ನು ಏನು ಮಾಡುವುದು?

ಹಾಸನದ ನಮ್ಮ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಮೂರು ವಾರ ಆಗಿತ್ತು. ರಾತ್ರಿ ಲೈಟ್ ಆರಿಸಿದ ಮೇಲೆ 'ಟಕ್... ಟಕ್' ಅಂತ ಸದ್ದು. ಹಲ್ಲಿ ಲೊಚಗುಟ್ಟಿತು ಅಂತ ಅಮ್ಮ 'ಕೃಷ್ಣ ಕೃಷ್ಣ' ಅಂದು ನೆಲಕ್ಕೆ ಬೆರಳು ತಟ್ಟಿದರು. ಸದ್ದು ಬರುತ್ತಿದ್ದದ್ದು ಗೋಡೆಯಿಂದಲ್ಲ, ಟ್ಯಾಂಕ್‌ನ ಕಲ್ಲಿನ ಸಂದಿಯಿಂದ!

ಅಂಗಡಿಯಲ್ಲಿ ಸಿಗುವ ಲೈವ್ ರಾಕ್ ಸುಮ್ನೆ ಕಲ್ಲಲ್ಲ. ಅದರ ತೂತುಗಳಲ್ಲಿ ಹುಳ, ಏಡಿ, ಸಿಗಡಿ ಎಲ್ಲ ಅಡಗಿಕೊಂಡು ಬರುತ್ತವೆ. (ಕಡಲತೀರದಿಂದ ಹವಳದ ತುಂಡು ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ.)

ಮೊದಲ ಕೆಲಸ, ಏನನ್ನೂ ಕೀಳದೆ ನೋಡುವುದು. ಲೈಟ್ ಆರಿಸಿ ಒಂದು ಗಂಟೆ ಬಿಟ್ಟು, ಟಾರ್ಚ್‌ಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ ಹಿಡಿಯಿರಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ನಾನು ಹೀಗೆ ನೋಡಿದಾಗ ಕಂಡದ್ದು ಪಿಸ್ತೂಲ್ ಸಿಗಡಿ. ಒಂದು ಕೊಂಡಿ ಸಣ್ಣದು, ಇನ್ನೊಂದು ದಪ್ಪ, ಆ ದಪ್ಪದ್ದನ್ನು ಪಟ್ಟನೆ ಮುಚ್ಚಿದಾಗಲೇ ಸದ್ದು. ಇದನ್ನು ಇಟ್ಟುಕೊಳ್ಳಬಹುದು. ಕೆಲವು ಜಾತಿಯ ಗೋಬಿ ಮೀನುಗಳು ಇದರ ಬಿಲದಲ್ಲೇ ಸಂಸಾರ ಹೂಡುತ್ತವೆ. ಸಿಗಡಿಗೆ ಕಣ್ಣು ಮಂದ, ಅದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಮರಳು ತೋಡುತ್ತದೆ, ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಎಷ್ಟು ನೋಡಿದರೂ ಸಾಲದು!

ಆದರೆ ಇದೇ ತರ ಸದ್ದು ಮಾಡುವ ಇನ್ನೊಂದಿದೆ, ಮ್ಯಾಂಟಿಸ್ ಸಿಗಡಿ. ಕಣ್ಣುಗಳು ಕಡ್ಡಿಯ ತುದಿಯಲ್ಲಿದ್ದ ಹಾಗೆ, ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಇದನ್ನು ಟ್ಯಾಂಕ್‌ನಲ್ಲೇ ಇರಲು ಬಿಟ್ಟರೆ ಏಡಿ, ಶಂಖದ ಹುಳ, ಸಣ್ಣ ಮೀನು ಒಂದೊಂದಾಗಿ ಕಾಣೆಯಾಗುತ್ತವೆ. ಬೆರಳು ಹಾಕಲೇಬೇಡಿ, ಏಟಿಗೆ ಚರ್ಮ ಸೀಳುತ್ತದೆ. ಕಲ್ಲನ್ನು ಬಕೆಟ್‌ಗೆ ತೆಗೆದು ಬಿಲದೊಳಕ್ಕೆ ಗ್ಯಾಸ್ ಇರುವ ಸಾದಾ ಸೋಡಾ ಬಿಟ್ಟರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಆಮೇಲೆ ಕಲ್ಲನ್ನು ಉಪ್ಪುನೀರಲ್ಲಿ ತೊಳೆದು ಹಾಕಿ.

ಬ್ರಿಸಲ್ ಹುಳ ಕಂಡರೆ ಗಾಬರಿ ಬೇಡ, ಉಳಿದ ಆಹಾರ ತಿಂದು ಶುಚಿ ಮಾಡುತ್ತದೆ. ಮುಟ್ಟಿದರೆ ಮಾತ್ರ ಅದರ ಮುಳ್ಳು ಕೈಯಲ್ಲಿ ಉಳಿಯುತ್ತದೆ. ಜಾಸ್ತಿ ಆದವು ಅಂದರೆ ನೀವು ಊಟ ಜಾಸ್ತಿ ಹಾಕುತ್ತಿದ್ದೀರಿ, ಕಡಿಮೆ ಮಾಡಿ. ಕಂದು ಬಣ್ಣದ ಪುಟ್ಟ ಹೂವಿನಂಥ ಐಪ್ಟೇಸಿಯಾವನ್ನು ಕತ್ತರಿಸಬೇಡಿ, ಅದು ಗಿಡವಲ್ಲ, ಪ್ರಾಣಿ; ತುಂಡು ತುಂಡೂ ಹೊಸದಾಗಿ ಬೆಳೆಯುತ್ತದೆ. ಸಿರಿಂಜ್‌ನಲ್ಲಿ ನಿಂಬೆರಸ ತೆಗೆದುಕೊಂಡು ನೇರ ಅದರ ಬಾಯಿಗೆ ಬಿಡಿ, ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ.

ಇನ್ನು ಮೀನು. ನೀರಿನಲ್ಲಿರುವ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಒಂದೂ ಬೇಡ. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025, ಬಿಸಿ 25 ಡಿಗ್ರಿ ಆಸುಪಾಸು. ನಮ್ಮ ಡಿಸೆಂಬರ್ ಚಳಿಗೆ ಹೀಟರ್ ಬೇಕೇ ಬೇಕು.

ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಈ ಕ್ರಮ ತಪ್ಪಿದರೆ ಮುಗೀತು. ಡ್ಯಾಮ್ಸೆಲ್ ಅಗ್ಗ, ಗಟ್ಟಿ ಅಂತ ಎಲ್ಲರೂ ಮೊದಲು ಅದನ್ನೇ ತರುತ್ತಾರೆ. ಅದು ಇಡೀ ಟ್ಯಾಂಕ್ ತನ್ನದು ಅಂದುಕೊಂಡು, ಆಮೇಲೆ ಬಂದವರ ರೆಕ್ಕೆ ಹರಿಯುತ್ತದೆ. ಕ್ಲೌನ್ ಮೀನು ಎರಡೇ ಸಾಕು. ಅವು ಹುಟ್ಟುವಾಗ ಎಲ್ಲ ಗಂಡು, ದೊಡ್ಡದು ಹೆಣ್ಣಾಗುತ್ತದೆ. ಮೂರನೆಯದನ್ನು ಬಿಟ್ಟರೆ ಸಾಮಾನ್ಯವಾಗಿ ಅದು ಏಟು ತಿಂದು ಮೂಲೆ ಸೇರುತ್ತದೆ, ಪಾಪ. ಲಯನ್ ಫಿಶ್ ಬಾಯಿಗೆ ಹಿಡಿಯುವುದನ್ನೆಲ್ಲ ನುಂಗುತ್ತದೆ, ಟ್ರಿಗರ್ ಸಿಗಡಿಗಳನ್ನು ಬಿಡುವುದಿಲ್ಲ. ಮ್ಯಾಂಡರಿನ್‌ಗೆ ಕಲ್ಲಿನ ಮೇಲಿನ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳೇ ಊಟ, ಹೊಸ ಟ್ಯಾಂಕ್‌ನಲ್ಲಿ ಹಸಿದೇ ಸಾಯುತ್ತದೆ, ದಯವಿಟ್ಟು ತರಬೇಡಿ.

ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ಬಿಳಿ ಚುಕ್ಕೆ ರೋಗ ಇದೆಯಾ ನೋಡಿ. ಬಿಡುವ ದಿನ ಕಲ್ಲುಗಳ ಜಾಗ ಸ್ವಲ್ಪ ಬದಲಿಸಿ, ಹಳಬರಿಗೂ ಊರು ಹೊಸದಾಗುತ್ತದೆ. ಆದರೂ ಅಟ್ಟಾಡಿಸಿದರೆ, ಅಟ್ಟಾಡಿಸುವ ಮೀನನ್ನೇ ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಂದು ವಾರ ಅಲ್ಲೇ ನೀರಲ್ಲಿ ತೇಲಿಸಿಡಿ.