ಬೆಸುಗೆ ಹಿಡಿಯಬೇಕೇ? ಮೊದಲು ಲೋಹ ಕಾಯಲಿ

ಬೆಸೆದ ತಂತಿ ಕಳಚಿ ಬಂದಾಗ ಬೈಗುಳ ತಿನ್ನುವುದು ಸೋಲ್ಡರ್, ಅಂದರೆ ಬೆಸೆಯಲು ಕರಗಿಸುವ ಮಿಶ್ರಲೋಹ. ಬಹುತೇಕ ಸಲ ಅದು ನಿರಪರಾಧಿ. ಕೆಲಸಕ್ಕೆ ಹೊಂದದ ಸೋಲ್ಡರ್ ಆರಿಸಿರುತ್ತೇವೆ, ಇಲ್ಲವೇ ಲೋಹವನ್ನು ಕಾಯಿಸದೆ ಸೋಲ್ಡರನ್ನಷ್ಟೇ ಕರಗಿಸಿ ಮೇಲೆ ಸುರಿದಿರುತ್ತೇವೆ.

ಆಯ್ಕೆಯಿಂದ ಶುರು ಮಾಡೋಣ. ರೇಡಿಯೊ, ಸರ್ಕ್ಯೂಟ್ ಬೋರ್ಡ್‌ಗಳ ಕೆಲಸ ಕಲಿಯುವವರಿಗೆ ಶೇ 63 ತವರ, ಶೇ 37 ಸೀಸ ಇರುವ ಸೋಲ್ಡರ್‌ನಷ್ಟು ಸುಲಭವಾಗಿ ಪಳಗುವಂಥದ್ದು ಮತ್ತೊಂದಿಲ್ಲ. ಶುದ್ಧ ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸಕ್ಕೆ 327. ಈ ಪ್ರಮಾಣದಲ್ಲಿ ಬೆರೆತರೆ ಮಾತ್ರ ಎರಡೂ 183 ಡಿಗ್ರಿಗೇ ನೀರಾಗುತ್ತವೆ. ಆರುವಾಗಲೂ ಅದೇ ಉಷ್ಣತೆಯಲ್ಲಿ ಗಟ್ಟಿಯಾಗುತ್ತವೆ. 60-40ರ ಸೋಲ್ಡರ್ ಹಾಗಲ್ಲ. ಗಟ್ಟಿಯಾಗುವ ಮುನ್ನ ಕೆಲವು ಡಿಗ್ರಿಗಳಷ್ಟು ಕಾಲ ಗಂಜಿಯ ಹಾಗಿರುತ್ತದೆ. ಆ ಗಳಿಗೆಯಲ್ಲಿ ತಂತಿ ಅಲುಗಿದರೆ ಬೆಸುಗೆಯೊಳಗೆ ಬಿರುಕು ಖಚಿತ.

ಸೀಸ ವಿಷ. ಯುರೋಪಿಯನ್ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಅದಕ್ಕೆ ಕಡಿವಾಣ ಹಾಕಿದ ಮೇಲೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಮುಂದೆ ಬಂತು. ಶೇ 3 ಬೆಳ್ಳಿ, ಶೇ 0.5 ತಾಮ್ರ, ಉಳಿದದ್ದು ತವರ. ಕರಗಲು ಸುಮಾರು 217 ಡಿಗ್ರಿ ಬೇಕು. ಇದರ ಬೆಸುಗೆ ಸ್ವಲ್ಪ ಮಂಕಾಗಿಯೇ ಕಾಣುತ್ತದೆ, ಗಾಬರಿ ಬೇಡ. ಕುಡಿಯುವ ನೀರಿನ ತಾಮ್ರದ ಕೊಳವೆಗಂತೂ ಸೀಸವಿಲ್ಲದ್ದೇ ಆಗಬೇಕು.

ಹೆಚ್ಚು ಬಲ ಬೇಕಾದ ಕಡೆ, ಉದಾಹರಣೆಗೆ ಶೀತಕ ಯಂತ್ರದ ಕೊಳವೆ, ಆಭರಣ ಇತ್ಯಾದಿಗಳಿಗೆ ಬೆಳ್ಳಿಯ ಗಟ್ಟಿ ಬೆಸುಗೆ. 450 ಡಿಗ್ರಿ ದಾಟಿದ ಈ ಕೆಲಸಕ್ಕೆ ಗ್ಯಾಸ್ ಜ್ವಾಲೆಯೇ ಬೇಕು. ಕ್ಯಾಡ್ಮಿಯಂ ಬೆರೆತ ಹಳೆಯ ಬೆಳ್ಳಿ ಸೋಲ್ಡರ್ ಕೈಗೆ ಸಿಕ್ಕರೆ ಬಳಸಬೇಡಿ, ಅದರ ಹೊಗೆ ಪ್ರಾಣಾಂತಿಕ.

ಫ್ಲಕ್ಸ್ ಇಲ್ಲದೆ ಇದಾವುದೂ ಅಂಟುವುದಿಲ್ಲ. ಗಾಳಿ ತಾಗಿದ ಲೋಹದ ಮೇಲೆ ಆಕ್ಸೈಡ್ ಪದರ ಕೂರುತ್ತದೆ, ಸೋಲ್ಡರ್ ಅದನ್ನು ಕಂಡರೆ ಉಂಡೆಯಾಗಿ ಉರುಳಿಹೋಗುತ್ತದೆ. ಆ ಪದರ ತೆಗೆಯುವುದೇ ಫ್ಲಕ್ಸ್‌ನ ಕೆಲಸ. ಎಲೆಕ್ಟ್ರಾನಿಕ್ಸ್‌ಗೆ ರಾಳ, ತಗಡಿಗೆ ಸತುವಿನ ಕ್ಲೋರೈಡ್, ಬೆಳ್ಳಿ ಬೆಸುಗೆಗೆ ಬಿಳಿಗಾರ. ತಗಡಿನ ಆಮ್ಲೀಯ ಫ್ಲಕ್ಸನ್ನು ಸರ್ಕ್ಯೂಟ್ ಬೋರ್ಡ್‌ಗೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಕಿಲುಬು ಹತ್ತಿ ವಿದ್ಯುತ್ ಹರಿಸುವ ತಾಮ್ರದ ಗೆರೆಗಳು ಸವೆಯತೊಡಗುತ್ತವೆ. ಅಲ್ಯೂಮಿನಿಯಂನ ಪದರ ಇನ್ನೂ ಹಟಮಾರಿ; ಅದಕ್ಕೆ ವಿಶೇಷ ಫ್ಲಕ್ಸ್ ಬೇಕು, ಹೊಸಬರು ಕೈಹಾಕದಿರುವುದೇ ವಾಸಿ.

ಈಗ ಕೆಲಸ. ಬೋರ್ಡ್ ಮತ್ತು ತಂತಿಯನ್ನು ಒರೆಸಿ. ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಆಮೇಲೆ ತುಸು ರಾಳದ ಫ್ಲಕ್ಸ್ ಹಚ್ಚಿ. ಸೋಲ್ಡರ್ ಕರಗಿಸುವ ವಿದ್ಯುತ್ ಸಲಕರಣೆಯಾದ ಸೋಲ್ಡರಿಂಗ್ ಐರನ್ ಕಾದ ಮೇಲೆ ಅದರ ತುದಿಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ ಅದಕ್ಕೆ ತುಸು ಸೋಲ್ಡರ್ ಲೇಪಿಸಿ. ಸೀಸದ್ದಕ್ಕೆ 320ರಿಂದ 350 ಡಿಗ್ರಿ, ಸೀಸರಹಿತಕ್ಕೆ ಅದಕ್ಕಿಂತ ತುಸು ಹೆಚ್ಚು ಶಾಖ ಸಾಕು.

ತುದಿಯನ್ನು ತಂತಿಗೂ ಪ್ಯಾಡ್‌ಗೂ (ತಂತಿ ಕೂರಲು ಬೋರ್ಡ್ ಮೇಲಿರುವ ತಾಮ್ರದ ಬಿಲ್ಲೆ) ಒಟ್ಟಿಗೆ ತಾಗುವಂತೆ ಹಿಡಿದು ಒಂದೆರಡು ಸೆಕೆಂಡ್ ಕಾಯಿರಿ. ನಂತರ ಸೋಲ್ಡರ್ ತಂತಿಯನ್ನು ಐರನ್‌ಗಲ್ಲ, ಎದುರು ಬದಿಯಿಂದ ಆ ಜೋಡಣೆಗೇ ಮುಟ್ಟಿಸಿ. ಲೋಹ ಸರಿಯಾಗಿ ಕಾದಿದ್ದರೆ ಸೋಲ್ಡರ್ ತಾನಾಗಿ ಹರಿದು ತಂತಿಯ ಸುತ್ತ ತಗ್ಗಿನ ಇಳಿಜಾರಾಗಿ ನಿಲ್ಲುತ್ತದೆ. ಮೊದಲು ಸೋಲ್ಡರ್, ಆಮೇಲೆ ಐರನ್ ತೆಗೆಯಿರಿ. ಆರುವವರೆಗೆ ಅಲುಗಿಸಬೇಡಿ, ಊದಲೂ ಬೇಡಿ.

ಭೂತಗನ್ನಡಿಯಲ್ಲಿ ನೋಡಿ. ಅಂಚು ಪ್ಯಾಡ್‌ನೊಂದಿಗೆ ಬೆರೆಯದೆ ಗುಂಡಗೆ ಉಬ್ಬಿದ್ದರೆ ಅದು ತಣ್ಣನೆಯ ಬೆಸುಗೆ, ಮೇಲೆ ಅಂಟಿದಂತೆ ಕಂಡರೂ ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲ. ಇನ್ನಷ್ಟು ಸೋಲ್ಡರ್ ಸುರಿಯಬೇಡಿ. ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿ, ಇರುವುದೇ ಹರಿದುಕೊಳ್ಳುತ್ತದೆ.

ಏಳುವ ಹೊಗೆ ಬಹುತೇಕ ರಾಳದ್ದು, ಆಸ್ತಮಾ ತರಬಲ್ಲದು. ಆದ್ದರಿಂದ ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಸೀಸ ಅಂಟುವುದು ಬೆರಳಿಗೆ, ಬೆರಳಿನಿಂದ ಬಾಯಿಗೆ. ಏನನ್ನಾದರೂ ತಿನ್ನುವ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ. ಐರನ್ ಆರಿಸುವ ಮುನ್ನ ತುದಿಗೆ ಹೊಸ ಸೋಲ್ಡರ್ ಲೇಪಿಸಿ ಹಾಗೇ ಬಿಡಿ, ತುದಿ ಕಪ್ಪಾಗದು.